ವಿಂಡೋಸ್ 11 ಜೊತೆ ಉಬುಂಟು, ಫೆಡೋರಾ ಎರಡೂ ಬೇಕು: ಗ್ರಬ್ ಸಾಕೇ, ರೆಫೈಂಡ್ ಹಾಕಬೇಕೇ?

ಒಂದೇ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಮತ್ತು ಉಬುಂಟು, ಫೆಡೋರಾ ಎಂಬ ಎರಡು ಲಿನಕ್ಸ್, ಹೀಗೆ ಮೂರು ಓಎಸ್ (ಆಪರೇಟಿಂಗ್ ಸಿಸ್ಟಂ) ಬೇಕು, ಆದರೆ ಬೂಟ್ ಮ್ಯಾನೇಜರ್ (ಆನ್ ಮಾಡಿದಾಗ ಯಾವ ಓಎಸ್ ಶುರುವಾಗಬೇಕೆಂದು ಕೇಳುವ ಪ್ರೋಗ್ರಾಂ) ಹಾಕಲು ಹೋಗಿ ವಿಂಡೋಸ್ ಕಳೆದುಕೊಂಡರೆ ಎಂಬ ಭಯ ಎಂದಿದ್ದೀರಿ. ರೆಫೈಂಡ್ ಎಂಬ ಬೂಟ್ ಮ್ಯಾನೇಜರ್ ಹಾಕಿ, ಲಿನಕ್ಸ್ ಜೊತೆಗೇ ಬರುವ ಗ್ರಬ್ ಕೂಡ ಇರಲಿ. ನನ್ನ ಕಂಪ್ಯೂಟರಿನಲ್ಲೂ ಇದೇ ವ್ಯವಸ್ಥೆ.

ನಿಮ್ಮ ಭಯ ಹಳೇ ಬಯಾಸ್ (ಕಂಪ್ಯೂಟರ್ ಆನ್ ಆದಾಗ ಮೊದಲು ಓಡುವ ಮದರ್‌ಬೋರ್ಡಿನ ಪ್ರೋಗ್ರಾಂ) ಕಾಲದ್ದು. ಆಗ ಡಿಸ್ಕಿನ ಮೊದಲ 512 ಬೈಟ್‌ಗಳೇ ಎಂಬಿಆರ್ (ಮಾಸ್ಟರ್ ಬೂಟ್ ರೆಕಾರ್ಡ್), ಅದರಲ್ಲಿ ಓಎಸ್ ಶುರುಮಾಡುವ ಬೂಟ್ ಕೋಡಿಗೆ ಸಿಗುತ್ತಿದ್ದದ್ದು 446 ಬೈಟ್. ಇದ್ದದ್ದು ಒಂದೇ ಕುರ್ಚಿ, ಕೊನೆಗೆ ಬಂದವರು ಕೂತಿದ್ದವರನ್ನು ಎಬ್ಬಿಸುತ್ತಿದ್ದರು. ಮೊದಲು ವಿಂಡೋಸ್, ಆಮೇಲೆ ಲಿನಕ್ಸ್ ಎಂಬ ಮಾತು ಬಂದದ್ದೇ ಅದರಿಂದ. ಬಯಾಸ್ ಬದಲಿಗೆ ಬಂದ ಯುಇಎಫ್‌ಐನಲ್ಲಿ ಹಾಗಲ್ಲ. ಇಎಸ್‌ಪಿ ಎಂಬ ಸಣ್ಣ ಫ್ಯಾಟ್32 ಪಾರ್ಟಿಷನ್ (ಡಿಸ್ಕಿನ ಒಂದು ಭಾಗ) ಒಳಗೆ ಮೈಕ್ರೋಸಾಫ್ಟ್, ಉಬುಂಟು, ಫೆಡೋರಾ ಮೂರಕ್ಕೂ ಬೇರೆಬೇರೆ ಫೋಲ್ಡರ್ ಇರುತ್ತದೆ. ಮೊದಲು ಯಾವುದನ್ನು ಕರೆಯಬೇಕೆಂಬ ಪಟ್ಟಿ ಮದರ್‌ಬೋರ್ಡಿನ ಮೆಮೊರಿಯಲ್ಲಿದೆ. ವಿಂಡೋಸ್ ಅಪ್‌ಡೇಟ್ ಆದಮೇಲೆ ಗ್ರಬ್ ಮಾಯವಾಯಿತು ಅನ್ನುತ್ತಾರಲ್ಲ, ಎಷ್ಟೋ ಸಲ ಬದಲಾಗಿರುವುದು ಈ ಪಟ್ಟಿಯ ಕ್ರಮ ಮಾತ್ರ. ಫೈಲು ಇದ್ದಲ್ಲೇ ಇರುತ್ತದೆ. ಮಷೀನು ಆನ್ ಆಗುವಾಗ ಎಫ್12 ಅಥವಾ ನಿಮ್ಮ ಮಾಡೆಲ್ಲಿನ ಬೂಟ್ ಮೆನು ಕೀ ಒತ್ತಿ ಉಬುಂಟು ಆರಿಸಿ, ಕ್ರಮ ಸರಿಮಾಡಿದರೆ ಆಯಿತು. ದಯವಿಟ್ಟು ಮತ್ತೆ ಇನ್‌ಸ್ಟಾಲ್ ಮಾಡಲು ಕೂರಬೇಡಿ.

ಎರಡೇ ಓಎಸ್ ಆಗಿದ್ದರೆ ಗ್ರಬ್ ಧಾರಾಳ ಸಾಕಿತ್ತು. ಮೂರನೆಯದು ಬಂದಾಗಲೇ ತೊಡಕು. ಉಬುಂಟುವಿನ ಗ್ರಬ್ ಫೆಡೋರಾದ ಕರ್ನಲ್ (ಓಎಸ್‌ನ ತಿರುಳು) ಹೆಸರುಗಳನ್ನು ತನ್ನ ಕಾನ್ಫಿಗ್‌ನಲ್ಲಿ ಬರೆದಿಟ್ಟುಕೊಳ್ಳುತ್ತದೆ. ಅತ್ತ ಫೆಡೋರಾದಲ್ಲಿ ಹೊಸ ಕರ್ನಲ್ ಬಂದರೆ ಇದಕ್ಕೆ ಸುದ್ದಿಯೇ ಇಲ್ಲ. ಸಾಲದ್ದಕ್ಕೆ, 2021ರ ಗ್ರಬ್ 2.06ರಿಂದ ಬೇರೆ ಓಎಸ್ ಹುಡುಕುವ ಓಎಸ್-ಪ್ರೋಬರ್ ಡೀಫಾಲ್ಟ್ ಆಗಿ ಆಫ್ ಆಗಿದೆ. ರೆಫೈಂಡ್ ಏನನ್ನೂ ಬರೆದಿಟ್ಟುಕೊಳ್ಳುವುದಿಲ್ಲ. ಪ್ರತಿ ಸಲ ಬೂಟ್ ಆಗುವಾಗಲೂ ಹೊಸದಾಗಿ ಹುಡುಕಿ, ಸಿಕ್ಕಿದ್ದನ್ನೆಲ್ಲ ಐಕಾನ್ ಮಾಡಿ ತೋರಿಸುತ್ತದೆ. ಫೆಡೋರಾ ಆರಿಸಿದರೆ ಫೆಡೋರಾದ್ದೇ ಗ್ರಬ್ ಬರುತ್ತದೆ, ತನ್ನ ಕರ್ನಲ್ ಅದು ನೋಡಿಕೊಳ್ಳುತ್ತದೆ. ಇಂಟೆಲ್ ಮ್ಯಾಕ್‌ಗಳಿಗೆಂದು ಶುರುವಾದ ರೆಫಿಟ್ ಅನ್ನು ಮುಂದುವರಿಸಿ ರೋಡ್ರಿಕ್ ಸ್ಮಿತ್ ಕಟ್ಟಿದ್ದು ಇದು. ತುಂಬ ಅಚ್ಚುಕಟ್ಟಾದ ಕೆಲಸ ಅನ್ನುವುದು ನನ್ನ ಅಭಿಪ್ರಾಯ. ಸೆಕ್ಯೂರ್ ಬೂಟ್ (ಸಹಿ ಇಲ್ಲದ ಪ್ರೋಗ್ರಾಂ ಬೂಟ್ ಆಗದಂತೆ ತಡೆಯುವ ವ್ಯವಸ್ಥೆ) ಆನ್ ಇದ್ದರೆ ಮಾತ್ರ ರೆಫೈಂಡ್ ಅನ್ನು ಶಿಮ್ (ಮೈಕ್ರೋಸಾಫ್ಟ್ ಸಹಿ ಇರುವ ಪುಟ್ಟ ಪ್ರೋಗ್ರಾಂ) ಜೊತೆ ಹಾಕಿ, ರೆಫೈಂಡಿನ ಕೀಲಿಯನ್ನು ಒಮ್ಮೆ ಮೋಕ್ ಪಟ್ಟಿಗೆ (ನೀವು ನಂಬುವ ಕೀಲಿಗಳ ಪಟ್ಟಿ) ಸೇರಿಸಬೇಕು.

ಇವೆಲ್ಲಕ್ಕಿಂತ ಮೊದಲು ಮಾಡಬೇಕಾದದ್ದು: ಬಿಟ್‌ಲಾಕರ್ (ಡಿಸ್ಕಿಗೆ ಬೀಗ ಹಾಕುವ ವಿಂಡೋಸ್ ಎನ್‌ಕ್ರಿಪ್ಷನ್) ರಿಕವರಿ ಕೀ ಬೇರೆಡೆ ಬರೆದಿಟ್ಟುಕೊಳ್ಳಿ. ವಿಂಡೋಸ್ 11ರಲ್ಲಿ ನಿಮಗೆ ಗೊತ್ತಿಲ್ಲದೆಯೇ ಎನ್‌ಕ್ರಿಪ್ಷನ್ ಆನ್ ಆಗಿರಬಹುದು, ಬೂಟ್ ಆಗುವ ದಾರಿ ಬದಲಾದರೆ ಅದು ಕೀ ಕೇಳಬಹುದು. ಕೀ ಇಲ್ಲದಿದ್ದರೆ ಡೇಟಾ ಹೋದಂತೆಯೇ. ಫಾಸ್ಟ್ ಸ್ಟಾರ್ಟಪ್ ಕೂಡ ಆಫ್ ಮಾಡಿ. ಅದು ಆನ್ ಇದ್ದಾಗ ಶಟ್‌ಡೌನ್ ಅಂದರೆ ಅರ್ಧ ಹೈಬರ್ನೇಟ್, ಲಿನಕ್ಸ್‌ನಿಂದ ಆ ಡ್ರೈವ್‌ಗೆ ಬರೆಯುವುದು ಅಪಾಯ.

ಲಿನಕ್ಸ್‌ನಿಂದ ವಿಂಡೋಸ್‌ಗೆ ಬಂದಾಗ ಗಡಿಯಾರ ಐದೂವರೆ ಗಂಟೆ ಹಿಂದಿದ್ದರೆ ಗಾಬರಿಯಾಗಬೇಡಿ, ಮದರ್‌ಬೋರ್ಡಿನ ಗಡಿಯಾರ ನಡೆಸುವ ಸಿಮಾಸ್ ಬ್ಯಾಟರಿ ಹೋಗಿಲ್ಲ. ಮದರ್‌ಬೋರ್ಡಿನ ಸಮಯವನ್ನು ಲಿನಕ್ಸ್ ಯುಟಿಸಿ (ಜಾಗತಿಕ ಪ್ರಮಾಣ ಸಮಯ) ಎಂದುಕೊಳ್ಳುತ್ತದೆ, ವಿಂಡೋಸ್ ಸ್ಥಳೀಯ ಸಮಯ ಎಂದುಕೊಳ್ಳುತ್ತದೆ. ಎರಡೂ ಲಿನಕ್ಸ್‌ಗಳಲ್ಲಿ ಅದನ್ನು ಸ್ಥಳೀಯ ಸಮಯಕ್ಕೆ ಬದಲಾಯಿಸಿದರೆ ಸರಿಹೋಗುತ್ತದೆ.