ಕತ್ತಿನ ಸ್ನಾಯು, ನಾಲಿಗೆಗೆ ಗಂಟು

ಪ್ರಶ್ನೆ: ಸರ್, ನಾನು ಹತ್ತನೇ ಕ್ಲಾಸ್ ತನಕ ಕನ್ನಡ ಮೀಡಿಯಂ, ಈಗ ನರ್ಸಿಂಗ್ ಫಸ್ಟ್ ಇಯರ್. ವೈವಾದಲ್ಲಿ (ಮೌಖಿಕ ಪರೀಕ್ಷೆ) ಕತ್ತಿನ ಸ್ನಾಯು ಸ್ಟರ್ನೋಕ್ಲೈಡೋಮ್ಯಾಸ್ಟಾಯ್ಡ್ ಅನ್ನೋಕೆ ಹೋಗಿ ‘ಸ್ಟರ್ನೋ ಕ್ಲೀ...’ ಅಂತ ನಿಂತುಬಿಟ್ಟೆ, ಎಲ್ರೂ ನಕ್ಕರು. ಇದನ್ನ ಎಲ್ಲೆಲ್ಲಿ ಬಿಡಿಸಿ ಓದ್ಬೇಕು? ಬೆನ್ನುಮೂಳೆ ತುದಿಯ ಕಾಕ್ಸಿಕ್ಸ್ ಅನ್ನೋದೂ ಹಂಗೇ ಕಾಡುತ್ತೆ.
– ಓದುಗಿ, ಹಾವೇರಿ

ಉತ್ತರ: ನಗೋರು ನಗ್ಲಿ ಬಿಡಮ್ಮ, ಅವರಲ್ಲಿ ಅರ್ಧ ಜನಕ್ಕೂ ಅದು ಬಾಯಿಗೆ ಬಂದಿರಲ್ಲ. ಮೊದ್ಲು ಒಂದು ಕೆಲಸ ಮಾಡು, ಕನ್ನಡಿ ಮುಂದೆ ನಿಂತು ಮುಖ ಪೂರ್ತಿ ಬಲಕ್ಕೆ ತಿರುಗಿಸು, ಎಡಗಡೆ ಕತ್ತಲ್ಲಿ ಹಗ್ಗದ ಥರ ಒಂದು ಸ್ನಾಯು ಉಬ್ಬಿ ನಿಲ್ಲುತ್ತಲ್ಲ, ಅದೇ ಇದು. ಕೆಳಗೆ ಎದೆಮೂಳೆ ಅಂದ್ರೆ ಸ್ಟರ್ನಮ್ ಮತ್ತೆ ಕಾಲರ್ ಬೋನು, ಮೇಲೆ ಕಿವಿ ಹಿಂದಿನ ಗಟ್ಟಿ ಉಬ್ಬು ಮ್ಯಾಸ್ಟಾಯ್ಡ್. ಬೆರಳಲ್ಲಿ ಕೆಳಗಿಂದ ಮೇಲಕ್ಕೆ ಸವರ್ಕೊಂಡು ಹೋದ್ರೆ ಹೆಸರೂ ಅದೇ ಆರ್ಡರಲ್ಲಿ ಬರುತ್ತೆ. ನಡುವಿನ ಕ್ಲೈಡೋ ಗ್ರೀಕಿನದು, ಬೀಗದ ಕೈ ಅಂತ ಅರ್ಥ, ಕಾಲರ್ ಬೋನಿಗೆ ಆ ಹೆಸರು. ಕ್ಲೀ ಅಲ್ಲ, ಕ್ಲೈ.

ಈಗ ಬಿಡಿಸೋದು. ಸ್ಟರ್–ನೋ–ಕ್ಲೈ–ಡೋ–ಮ್ಯಾಸ್–ಟಾಯ್ಡ್, ಒಟ್ಟು 6 ತುಂಡು. ನೀನು ತಡವರಿಸೋದು ಯಾಕೆ ಅಂದ್ರೆ ಕನ್ನಡದಲ್ಲಿ ಬರೆದಾಗ ಸ್ಟ, ರ್ನೋ, ಕ್ಲೈ, ಡೋ, ಮ್ಯಾ, ಸ್ಟಾ, ಯ್ಡ್ ಅಂತ 7 ಕಾಣುತ್ತೆ, ನಮ್ಮ ಲಿಪಿ ಅರ್ಧ ವ್ಯಂಜನವನ್ನ ಮುಂದಿನ ಅಕ್ಷರಕ್ಕೆ ಕಟ್ಟಿಹಾಕುತ್ತೆ, ಇಂಗ್ಲಿಷಿನಲ್ಲಿ ಇಲ್ಲಿ ಅದು ಹಿಂದಿನದಕ್ಕೆ ಸೇರಬೇಕು. ಹೊಸದೇನಲ್ಲ, ಹೈಸ್ಕೂಲಲ್ಲಿ ಛಂದಸ್ಸು ಮಾಡಿದ್ದೆ ತಾನೆ? ಒತ್ತಕ್ಷರದ ಹಿಂದಿನದು ಗುರು ಅಂತ ಗೀಟು ಎಳೀತಿದ್ವಲ್ಲ, ಆ ಅರ್ಧ ವ್ಯಂಜನದ ಭಾರ ಹಿಂದಿನದರ ಮೇಲೆ ಬೀಳುತ್ತೆ ಅಂತಾನೇ ಅಲ್ವಾ. ಪ್ರಸ್ತಾರ ಹಾಕೋ ಕಿವಿ ಇಟ್ಕೊಂಡು ಹೇಳು, ತಾನಾಗೇ ಬಿಡುತ್ತೆ.

ಇನ್ನೊಂದು, ಎಲ್ಲಾ ತುಂಡಿಗೂ ಒಂದೇ ತೂಕ ಕೊಡಬೇಡ. ದನಿ ಜೋರಾಗಿ ಬೀಳೋದು ಮ್ಯಾಸ್ ಮೇಲೆ, ಸ್ಟರ್ ಮತ್ತೆ ಕ್ಲೈಗೆ ಅದಕ್ಕಿಂತ ಕಮ್ಮಿ, ಡೋ ಅಂತೂ ಸರಿಯಾಗಿ ಕೇಳೋದೇ ಇಲ್ಲ, ಡ ಅಂದಂಗೆ ಇರುತ್ತೆ. ಉದ್ದ ಅನ್ನಿಸಿದ್ರೆ ಬಾಲದಿಂದ ಶುರು ಮಾಡು, ಮ್ಯಾಸ್ಟಾಯ್ಡ್, ಕ್ಲೈಡೋಮ್ಯಾಸ್ಟಾಯ್ಡ್, ಆಮೇಲೆ ಪೂರ್ತಿ.

ಕಾಕ್ಸಿಕ್ಸ್ ಬರೀ 2 ತುಂಡು, ಕಾಕ್–ಸಿಕ್ಸ್, ಒತ್ತು ಕಾಕ್ ಮೇಲೆ. ಇಂಗ್ಲಿಷ್ ಸ್ಪೆಲಿಂಗಲ್ಲಿ ಜೋಡಿ ಸಿ ಇದೆ ಅಂತ ಇಲ್ಲಿ ಎರಡನ್ನೂ ಕ ಮಾಡ್ಬೇಡ, ವ್ಯಾಕ್ಸೀನ್ ಅಂತೀಯಲ್ಲ, ಅದೇ ಲೆಕ್ಕ. ಬೆನ್ನುಮೂಳೆಯ ಆ ತುದಿ ಕೋಗಿಲೆ ಜಾತಿಯ ಹಕ್ಕಿಯ ಕೊಕ್ಕಿನ ಥರ ಇದೆ ಅಂತ ಗ್ರೀಕರು ಹಕ್ಕಿ ಹೆಸರನ್ನೇ ಇಟ್ಟರು. ಕುಕ್ಕೂ ಅನ್ನೋ ಕೂಗು ಅದರಲ್ಲೇ ಕೇಳ್ಸುತ್ತೆ ನೋಡು.