ದುಡ್ಡು ಕೊಟ್ಟು ಲಿಂಕ್ ಹಾಕಿಸೋರಿಗೆ

ಪ್ರಶ್ನೆ: ಬಳ್ಳಾರಿಯಲ್ಲಿ ನಮ್ಮದು ಜೀನ್ಸ್ ಹೊಲಿಯುವ ಸಣ್ಣ ಯೂನಿಟ್. ಲೇಖನಗಳ ಒಳಗೆ ನಮ್ಮ ಸೈಟಿನ ಲಿಂಕ್ ಹಾಕಿಸಿದರೆ ಗೂಗಲ್‌ನಲ್ಲಿ ಮೇಲೆ ಬರುತ್ತೀರಿ ಎಂದು ಏಜೆಂಟರೊಬ್ಬರು ಐವತ್ತು ಬ್ಲಾಗ್‌ಗಳ ಪ್ಯಾಕೇಜ್ ಹಿಡಿದು ಬಂದಿದ್ದಾರೆ. ತಗೊಳ್ಳಬಹುದಾ?

ಉತ್ತರ: ಬೇಡ. ಇದೇ ಪ್ರಶ್ನೆ ವೇಷ ಬದಲಿಸಿಕೊಂಡು ಬರುತ್ತಲೇ ಇರುತ್ತದೆ. ಏಜೆಂಟರ ಮಾತಲ್ಲಿ ಅರ್ಧ ನಿಜ ಇದೆ, ಅದಕ್ಕೇ ಜನ ಬೀಳೋದು. ಪುಟದ ತಳದಲ್ಲಿ ಗುಂಪಾಗಿ ಬಿದ್ದಿರುವ ಲಿಂಕಿಗಿಂತ ವಿಷಯದ ನಡುವೆ ಬರುವ ಲಿಂಕಿಗೆ ತೂಕ ಜಾಸ್ತಿ ಇರಬಹುದು. ಓದುವವರು ಒತ್ತುವ ಸಾಧ್ಯತೆ ನೋಡಿ ಲಿಂಕಿಗೆ ಬೆಲೆ ಕಟ್ಟುವ ವಿಧಾನಕ್ಕೆ ಗೂಗಲ್ 2010ರಲ್ಲೇ ಪೇಟೆಂಟ್ ಪಡೆದಿದೆ. ಲಿಂಕ್ ಎಲ್ಲಿದೆ, ಅಕ್ಷರ ಎಷ್ಟು ದೊಡ್ಡದು, ಹಿಂದೆ ಮುಂದೆ ಯಾವ ಪದ ಇದೆ, ಎಲ್ಲವೂ ಅದರ ಲೆಕ್ಕದಲ್ಲಿ ಬರುತ್ತದೆ.

ಆದರೆ ಆ ಬ್ಲಾಗ್‌ಗಳನ್ನು ಒಮ್ಮೆ ತೆರೆದು ನೋಡಿ. ಮೇಲೆ ಕೂದಲು ಉದುರುವುದಕ್ಕೆ ಮದ್ದು, ಕೆಳಗೆ ಪರ್ಸನಲ್ ಲೋನ್, ನಡುವೆ ‘ಬಳ್ಳಾರಿ ಹೋಲ್‌ಸೇಲ್ ಜೀನ್ಸ್’. ಐವತ್ತೂ ಕಡೆ ಅದೇ ಮೂರು ಪದ. ಗುರುತು ಸಿಗದೇ ಇರುತ್ತಾ? 2012ರ ಏಪ್ರಿಲ್‌ನಲ್ಲಿ ಗೂಗಲ್ ತನ್ನ ಹುಡುಕಾಟದ ಲೆಕ್ಕ ಬದಲಿಸಿ ‘ಪೆಂಗ್ವಿನ್’ ಎಂಬ ಅಪ್‌ಡೇಟ್ ತಂದಾಗ ಇಂಥ ಆಟ ಆಡಿದ ಸೈಟುಗಳು ದಬದಬ ಕೆಳಗೆ ಬಿದ್ದವು. 2016ರ ನಂತರ ಗೂಗಲ್ ಇಂಥ ಲಿಂಕುಗಳನ್ನು ಬಹುತೇಕ ಲೆಕ್ಕಕ್ಕೇ ಹಿಡಿಯುವುದಿಲ್ಲ. ದುಡ್ಡು ಹೋಯ್ತು, ಅಷ್ಟೇ. ಅತಿ ಮಾಡಿದರೆ ಸರ್ಚ್ ಕನ್ಸೋಲ್‌ನಲ್ಲಿ (ಸೈಟಿನ ಮಾಲೀಕರಿಗೆ ಗೂಗಲ್ ಕೊಡುವ ಉಪಕರಣ) ನೋಟಿಸ್ ಬರುತ್ತದೆ, ಸೈಟೇ ಹುಡುಕಾಟದಿಂದ ಮಾಯ ಆಗಬಹುದು. ದುಡ್ಡಿನ ಲಿಂಕಿಗೆ, ಇದು ಕಾಸಿನದು ಎಂದು ಗೂಗಲ್‌ಗೆ ತಿಳಿಸುವ ‘ಸ್ಪಾನ್ಸರ್ಡ್’ ಗುರುತು ಹಾಕಬೇಕೆಂಬ ನಿಯಮವನ್ನು ಯಾವ ಏಜೆಂಟರೂ ಹೇಳುವುದಿಲ್ಲ, ಹಾಕಿದರೆ ಮಾಲು ಮಾರಾಟ ಆಗಲ್ಲ ಅಲ್ವಾ!

ಮೊದಲು ನಿಮ್ಮ ಸೈಟನ್ನೇ ಸರಿ ಮಾಡಿ. ಬಣ್ಣ ಬಿಡದಂತೆ ಜೀನ್ಸ್ ಒಗೆಯೋದು ಹೇಗೆ, ಕನಿಷ್ಠ ಎಷ್ಟು ಪೀಸ್ ಆರ್ಡರ್, ಸೈಜ್ ಅಳತೆ ಹೇಗೆ, ಇದನ್ನೆಲ್ಲ ಬರೆಯಿರಿ. ಆ ಬರಹದ ಒಳಗಿಂದಲೇ ನಿಮ್ಮ ಮಾಲಿನ ಪುಟಕ್ಕೆ ಲಿಂಕ್ ಕೊಡಿ. ‘ಇಲ್ಲಿ ಕ್ಲಿಕ್ ಮಾಡಿ’ ಅಂತ ಬರೆಯಬೇಡಿ, ‘ಸ್ಟೋನ್ ವಾಶ್ ಜೀನ್ಸ್ ದರಪಟ್ಟಿ’ ಅಂತ ಬರೆಯಿರಿ. ನಿಮ್ಮಿಂದ ಮಾಲು ತಗೊಳ್ಳುವ ಅಂಗಡಿಯವರಿಗೆ ಸೈಟ್ ಇದ್ದರೆ ಅವರಲ್ಲೊಂದು ಲಿಂಕ್ ಕೇಳಿ. ಅದೊಂದು ಆ ಐವತ್ತಕ್ಕಿಂತ ವಾಸಿ.

ಪ್ರಶ್ನೆ: ಕಿನ್ನಾಳ ಗೊಂಬೆ ಮಾರುತ್ತೇವೆ. ಬೇರೆಯವರ ಬ್ಲಾಗಿನ ಕಾಮೆಂಟ್‌ಗಳಲ್ಲಿ ಲಿಂಕ್ ಹಾಕಲಾ? (ಕೊಪ್ಪಳ)

ಉತ್ತರ: ಸುಮ್ನೆ ಕೂತಿರಿ. ಆ ದಾರಿ ಮುಚ್ಚಲೆಂದೇ 2005ರಲ್ಲಿ ‘ನೋಫಾಲೋ’ ತಂದರು, ಅಂದರೆ ಈ ಲಿಂಕನ್ನು ಲೆಕ್ಕಕ್ಕೆ ಹಿಡಿಯಬೇಡ ಎಂದು ಗೂಗಲ್‌ಗೆ ಹೇಳುವ ಗುರುತು.

ಪ್ರಶ್ನೆ: ಡೊಮೇನ್ ಅಥಾರಿಟಿ ಏರಿಸುವುದು ಹೇಗೆ? (ರಾಯಚೂರು)

ಉತ್ತರ: ಅದು ಮಾಜ್ ಎಂಬ ಕಂಪನಿ ಸೈಟುಗಳಿಗೆ ತಾನೇ ಕೊಡುವ ಅಂಕ. ಗೂಗಲ್ ಅದನ್ನು ನೋಡುವುದೇ ಇಲ್ಲ.

ಪ್ರಶ್ನೆ: ಒಂದೇ ತಿಂಗಳಲ್ಲಿ ನಂಬರ್ ಒನ್ ಗ್ಯಾರಂಟಿ ಅಂತಾರೆ. ನಂಬಬಹುದಾ? (ಗಂಗಾವತಿ)

ಉತ್ತರ: ಅಂಥ ಗ್ಯಾರಂಟಿ ಯಾರೂ ಕೊಡಲಾರರು ಎಂದು ಗೂಗಲ್ಲೇ ಹೇಳಿದೆ. ಮುಂಗಡ ಕೊಟ್ಟಿದ್ದರೆ ಇವತ್ತೇ ವಾಪಸ್ ಕೇಳಿ.