ಹಳೇ ಪ್ಲಾಸ್ಟಿಕ್ ಟ್ರ್ಯಾಕ್ ತಗೋಬಹುದಾ?

ಪ್ರಶ್ನೆ: ನನ್ನ ಹತ್ರ ಆರು ಚಕ್ರದ ಹಳೇ ಆರ್ಗೋ ಇದೆ, ಅದೇ ನೀರಲ್ಲೂ ನೆಲದಲ್ಲೂ ಓಡೋ ಗಾಡಿ. ಕೆಸರಲ್ಲಿ ಹೂತ್ಕೊಳ್ಳುತ್ತೆ ಅಂತ ಟ್ರ್ಯಾಕ್ ಹಾಕ್ಸೋ ಯೋಚನೆ, ಅಂದ್ರೆ ಪಟ್ಟಿಗಳನ್ನ ಪಿನ್ನಿಂದ ಜೋಡಿಸಿ ಯುದ್ಧ ಟ್ಯಾಂಕಿನ ಥರ ಚಕ್ರಗಳ ಸುತ್ತ ಹಾಕೋ ಬೆಲ್ಟು. ಒಬ್ರು ಎಂಟು ಚಕ್ರದ ಗಾಡಿಯಿಂದ ಬಿಚ್ಚಿಟ್ಟ ಪ್ಲಾಸ್ಟಿಕ್ ಟ್ರ್ಯಾಕ್ ಕೊಡ್ತೀನಿ ಅಂತಿದಾರೆ, ಫೋಟೋದಲ್ಲಿ ಚೆನ್ನಾಗೇ ಹೊಳೀತಿದೆ. ತಗೊಳ್ಲಾ?

ಉತ್ತರ: ಫೋಟೋ ನೋಡಿ ದುಡ್ಡು ಕಳಿಸ್ಬೇಡಿ ಸಾರ್, ತೊಳೆದು ಒರೆಸಿದ್ರೆ ಯಾವ ಪ್ಲಾಸ್ಟಿಕ್ಕಾದ್ರೂ ಹೊಳೆಯುತ್ತೆ. ಎಂಟು ಚಕ್ರದ್ದು ಅನ್ನೋದು ತೊಂದ್ರೆ ಅಲ್ಲ, ಉದ್ದ ಜಾಸ್ತಿ ಇರುತ್ತೆ, ಪಿನ್ ತೆಗೆದು ನಾಲ್ಕಾರು ಪಟ್ಟಿ ಕಳಚಿದ್ರಾಯ್ತು, ಅವು ಸ್ಪೇರ್‌ಗೂ ಆಗುತ್ತೆ. ಆದ್ರೆ ಟೈರ್ ಪಕ್ಕಕ್ಕೆ ಜಾರದ ಹಾಗೆ ಪಟ್ಟಿ ಒಳಗಡೆ ಎದ್ದಿರೋ ಗೈಡುಗಳ ನಡುವೆ ನಿಮ್ಮ ಟೈರ್ ಸರಿಯಾಗಿ ಕೂರ್ಬೇಕು, ಅದಕ್ಕೆ ಆ ಗಾಡಿಯ ಟೈರ್ ಅಳತೆ ಮೊದ್ಲು ಕೇಳಿ, ಆ ಗಾಡಿ ಯಾವ ಮಾಡೆಲ್ ಅಂತಾನೂ ಕೇಳಿ.

ನಿಜವಾಗಿ ನೋಡ್ಬೇಕಾಗಿರೋದು ಪಿನ್ನಿನ ತೂತು. ಹತ್ತು ಪಟ್ಟಿ ನೆಲದ ಮೇಲೆ ಹಾಸಿ ಬಿಗಿಯಾಗಿ ಎಳೆದು ಟೇಪ್ ಹಿಡೀರಿ, ಆಮೇಲೆ ಒಟ್ಟಿಗೆ ತಳ್ಳಿ ಮತ್ತೆ ಅಳೀರಿ, ಎರಡರ ವ್ಯತ್ಯಾಸದಿಂದ ಸವೆತ ಎಷ್ಟು ಅಂತ ಅಂದಾಜಾಗುತ್ತೆ. ಒಂದೊಂದು ಜಾಯಿಂಟು ಅರ್ಧ ಮಿಲಿಮೀಟರ್ ಅಗಲವಾದ್ರೂ 60 ಪಟ್ಟಿಗೆ 3 ಸೆಂಟಿಮೀಟರ್ ಉದ್ದ ಆಗ್ಹೋಗುತ್ತೆ, ಟ್ರ್ಯಾಕ್ ಜೋಲು ಬಿದ್ದು ತಿರುವಿನಲ್ಲಿ ಕಳಚಿಕೊಳ್ಳುತ್ತೆ. ಎರಡೂ ಬದಿ ಒಂದೇ ಅಳತೆ ಬರ್ಬೇಕು, ಒಂದು ಕಡೆ ಹೊಸದು ಇನ್ನೊಂದು ಕಡೆ ಹಳೇದು ಅಂತ ಸೇರಿಸಿ ಮಾರೋರೂ ಇದಾರೆ. ಬಿಸಿಲಲ್ಲಿ ಬಿದ್ದಿದ್ದಾದ್ರೆ ಉಗುರಲ್ಲಿ ಕೆರೆದಾಗ ಬಿಳೀ ಪುಡಿ ಬರುತ್ತೆ, ತೂತಿನ ಸುತ್ತ ಕೂದಲೆಳೆಯಂಥ ಬಿರುಕು ಕಂಡ್ರೆ ಬಿಟ್ಬಿಡಿ, ಚಳಿಯಲ್ಲಿ ಅದು ಪಟ್ ಅಂತ ಮುರಿಯೋದು.

ಇನ್ನು ನಿಮ್ಮ ಗಾಡಿ ಕಡೆಗೆ ಬರೋಣ. ಇದರಲ್ಲಿ ಮುಂದಿನ ಚಕ್ರ ಕಾರಿನ ಥರ ಪಕ್ಕಕ್ಕೆ ತಿರುಗಲ್ಲ, ಒಂದು ಬದಿ ನಿಧಾನ ಆಗಿ ಇಡೀ ಗಾಡಿನೇ ಜಾರ್ಕೊಂಡು ತಿರುಗೋದು. ಟ್ರ್ಯಾಕ್ ಹಾಕಿದ್ಮೇಲೆ ಆ ಎಳೆತವೆಲ್ಲ ಚಕ್ರ ತಿರುಗಿಸೋ ಚೈನಿಗೂ ಆಕ್ಸಲ್ ಬೇರಿಂಗಿಗೂ ಬೀಳುತ್ತೆ, ಈಗಾಗ್ಲೇ ಚೈನ್ ಸಡಿಲ ಇದ್ರೆ ಮೊದ್ಲು ಅದನ್ನ ಸರಿ ಮಾಡ್ಸಿ. ಆರೂ ಟೈರ್ ಒಂದೇ ಸೈಜು, ಒಂದೇ ಗಾಳಿ ಇರ್ಬೇಕು, ಇಲ್ಲಾಂದ್ರೆ ಸವೆದ ಟೈರ್ ಟ್ರ್ಯಾಕ್ ಒಳಗೆ ಜಗ್ಗಾಡುತ್ತೆ.

ಒಳಗಿನ ಗೈಡು ಬಾಡಿಗೆ ಉಜ್ಜದ ಹಾಗೆ ಕೆಲವು ಮಾಡೆಲ್‌ಗೆ ಚಕ್ರದ ಹಿಂದೆ ಸ್ಪೇಸರ್, ಅಂದ್ರೆ ಚಕ್ರವನ್ನ ಸ್ವಲ್ಪ ಹೊರಗೆ ತಳ್ಳೋ ದಪ್ಪ ಬಿಲ್ಲೆ, ಬೇಕಾಗುತ್ತೆ, ಇದನ್ನ ಸಣ್ಣದು ಅಂದ್ಕೋಬೇಡಿ, ಈ ಗಾಡಿಯ ಪ್ಲಾಸ್ಟಿಕ್ ಬಾಡಿನೇ ದೋಣಿ, ಉಜ್ಜಿ ಉಜ್ಜಿ ತೂತಾದ್ರೆ ಗೊತ್ತಾಗೋದು ಕೆರೆ ಮಧ್ಯೆ! ಟ್ರ್ಯಾಕಿನ ತೂಕವನ್ನೂ ಲೆಕ್ಕಕ್ಕೆ ತಗೊಳ್ಳಿ, ನೀರಲ್ಲಿ ಹೊರೋ ಭಾರ ನೆಲದಲ್ಲಿ ಹೊರೋದಕ್ಕಿಂತ ಕಮ್ಮಿ, ಅಷ್ಟು ಸಾಮಾನು ಕೆಳಗಿಳಿಸ್ಬೇಕು. ಆ ಮನುಷ್ಯರು ಪಿನ್, ಸ್ಪೇಸರ್, ಅದರ ಉದ್ದ ಬೋಲ್ಟು ಎಲ್ಲಾ ಸೇರಿಸಿ ಕೊಡ್ತಾರಾ ಕೇಳಿ, ಬರೀ ಪಟ್ಟಿ ಮಾತ್ರ ಅಂದ್ರೆ ರೇಟು ಚೆನ್ನಾಗಿ ಇಳಿಸಿ.